ಸುಮ್ನೆ ಕೂತಿರೋ ಮಗುಗೂ ಎಡಿಎಚ್‌ಡಿ ಇರಬಹುದು: ಅಸೆಸ್‌ಮೆಂಟ್‌ಗೆ ಹೋಗೋ ಮುಂಚೆ, ಹೋದಾಗ, ಹೋಗಿ ಬಂದ್ಮೇಲೆ

ನನ್ನ ಮಗಳು ಕ್ಲಾಸಲ್ಲಿ ಯಾರಿಗೂ ಯಾವತ್ತೂ ತೊಂದ್ರೆ ಕೊಟ್ಟವಳಲ್ಲ. ಜಾಗ ಬಿಟ್ಟು ಏಳಲ್ಲ, ಪಕ್ಕದವರನ್ನ ಮಾತಾಡ್ಸಲ್ಲ, ಮುಖ ಬೋರ್ಡ್ ಕಡೆನೇ ಇರತ್ತೆ. ಪ್ರತಿ ಪೇರೆಂಟ್ಸ್ ಮೀಟಿಂಗಲ್ಲೂ ಒಂದೇ ಮಾತು, "ತುಂಬಾ ಒಳ್ಳೆ ಹುಡುಗಿ, ಸ್ವಲ್ಪ ಗಮನ ಕೊಟ್ರೆ ಇನ್ನೂ ಚೆನ್ನಾಗಿ ಮಾಡ್ತಾಳೆ". ನಾನು ಮನೆಗೆ ಬಂದು ಅದನ್ನೇ ಅವಳಿಗೆ ಒಪ್ಪಿಸ್ತಿದ್ದೆ, ಸ್ವಲ್ಪ ಗಮನ ಕೊಡೇ ಅಂತ, ಮೂರು ವರ್ಷ. ಅವಳ ಕೈಲಿ ಆಗದೇ ಇರೋದನ್ನೇ ದಿನಾ ಅವಳ ಹತ್ರ ಕೇಳ್ತಿದೀನಿ ಅಂತ ನಂಗೆ ಗೊತ್ತಾಗಿದ್ದು ಅವಳಿಗೆ ಒಂಬತ್ತು ತುಂಬಿದ ಮೇಲೆ.

ಆ ದಾರಿಲಿ ಏನೇನು ಕಲಿತೆ ಅನ್ನೋದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಓಡಾಡೋ, ಹಾರಾಡೋ ಮಗುನ ಸ್ಕೂಲೇ ಡಾಕ್ಟರ್ ಹತ್ರ ಕಳಿಸತ್ತೆ, ಸುಮ್ನೆ ಕೂತು ಕಳೆದುಹೋಗೋ ಮಗುನ ಯಾರೂ ಕಳಿಸಲ್ಲ, ಅಪ್ಪ ಅಮ್ಮನೇ ಕರ್ಕೊಂಡು ಹೋಗ್ಬೇಕು. ಇನ್ನೊಂದು ವಿಷ್ಯ, ಎಡಿಎಚ್‌ಡಿ ಅಂದ್ರೆ ಗಮನ ನಿಲ್ಲಿಸಕ್ಕೆ, ಇಲ್ಲಾ ಸುಮ್ನೆ ಕೂರಕ್ಕೆ, ದುಡುಕದೇ ಇರಕ್ಕೆ ಚಿಕ್ಕಂದಿನಿಂದಾನೇ ಕಷ್ಟ ಆಗೋ ತೊಂದ್ರೆ, ಅದನ್ನ ತೋರಿಸೋ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮನೇಲಿ ನೀವು ಕಂಡಿದ್ದು, ಕ್ಲಾಸಲ್ಲಿ ಟೀಚರ್ ಕಂಡಿದ್ದು, ಮಗು ತಾನೇ ಹೇಳಿದ್ದು, ಇವನ್ನ ಸೇರಿಸಿ ಡಾಕ್ಟರ್ ತೀರ್ಮಾನಕ್ಕೆ ಬರ್ತಾರೆ, ಇದಕ್ಕೇ ಅಸೆಸ್‌ಮೆಂಟ್ ಅನ್ನೋದು. ಹಂಗಾಗಿ ಅರ್ಧಕ್ಕಿಂತ ಜಾಸ್ತಿ ಕೆಲ್ಸ ಅಪಾಯಿಂಟ್‌ಮೆಂಟ್ ದಿನಕ್ಕಿಂತ ಮುಂಚೆನೇ ಆಗ್ಬೇಕು, ಅದನ್ನ ಮಾಡೋರು ನೀವೇ.

ಮೊದ್ಲು ಯಾವುದಕ್ಕೆ ಏನಂತಾರೆ ಅಂತ ತಿಳ್ಕೊಳ್ಳಿ

ಎಡಿಎಚ್‌ಡಿಲಿ ಮೂರು ಥರ ಇದೆ. ಚಡಪಡಿಕೆ ಮತ್ತೆ ದುಡುಕುತನ ಜಾಸ್ತಿ ಇರೋದು, ಗಮನದ ತೊಂದ್ರೆ ಜಾಸ್ತಿ ಇರೋದು, ಎರಡೂ ಸೇರಿರೋದು. ಎರಡನೇದಕ್ಕೆ ಇನ್‌ಅಟೆಂಟಿವ್ ಅಂತಾರೆ. ಹಳೇ ಹೆಸರು ಎಡಿಡಿ, 1980ರಲ್ಲಿ ಬಂದಿದ್ದು, 1987ರಲ್ಲಿ ಅದನ್ನ ಎಡಿಎಚ್‌ಡಿ ಅಂತ ಬದಲಾಯಿಸಿದ್ರು, ಆದ್ರೆ ಇವತ್ತಿಗೂ ಎಷ್ಟೋ ಜನ ಸುಮ್ನಿರೋ ಮಕ್ಕಳ ವಿಷ್ಯಕ್ಕೆ ಎಡಿಡಿ ಅಂತಾನೇ ಹೇಳ್ತಾರೆ, ಎರಡು ಬೇರೆ ಬೇರೆ ಕಾಯಿಲೆ ಅಂತ ಗಾಬರಿ ಆಗ್ಬೇಡಿ. ಇದು ಮೊಬೈಲ್ ಬಂದ್ಮೇಲೆ ಹುಟ್ಟಿದ್ದು ಅಂತ ಯಾರಾದ್ರೂ ಹೇಳಿದ್ರೆ, ಅಲೆಕ್ಸಾಂಡರ್ ಕ್ರೈಟನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು 1798ರಲ್ಲೇ ಗಮನ ನಿಲ್ಲದೇ ಇರೋ ಈ ತೊಂದ್ರೆ ಬಗ್ಗೆ ಬರೆದಿದಾರೆ ಅಂತ ಹೇಳಿ.

ಡಾಕ್ಟರ್‌ಗಳು ನೋಡೋ ಡಿಎಸ್‌ಎಂ-5 ಅನ್ನೋ ಕೈಪಿಡಿಲಿ ಗಮನದ ತೊಂದ್ರೆಗೆ ಒಂಬತ್ತು ಲಕ್ಷಣ ಇದೆ. ಪುಸ್ತಕದ ಭಾಷೆ ಬಿಟ್ಟು ಮನೇಲಿ ಕಾಣೋ ಥರ ಹೇಳ್ತೀನಿ. ಗೊತ್ತಿರೋ ಲೆಕ್ಕದಲ್ಲೇ ಕೂಡೋ ಚಿಹ್ನೆ ನೋಡದೆ ಕಳೆದುಬಿಡೋದು. ಓದಕ್ಕೆ ಕೂತು ಸ್ವಲ್ಪ ಹೊತ್ತಿಗೇ ಎಲ್ಲೋ ಹೋಗ್ಬಿಡೋದು, ಪುಟ ತೆರೆದೇ ಇರತ್ತೆ. ಎದುರು ನಿಂತು ಮಾತಾಡ್ತಿದ್ರೂ ಕೇಳಿಸ್ಕೊಂಡೇ ಇಲ್ಲ ಅನ್ನೋ ಥರ ಇರೋದು. ಶುರು ಮಾಡಿದ ಕೆಲ್ಸ ಅರ್ಧಕ್ಕೇ ಬಿಡೋದು, ಹಠದಿಂದ ಅಲ್ಲ, ಅದು ತಲೆಯಿಂದಾನೇ ಜಾರಿಹೋಗಿರತ್ತೆ. ಯಾವುದು ಮೊದ್ಲು ಯಾವುದು ಆಮೇಲೆ ಅಂತ ಜೋಡಿಸ್ಕೊಳ್ಳಕ್ಕೆ ಬರದೇ ಇರೋದು, ಬ್ಯಾಗ್ ತೆಗೆದು ನೋಡಿದ್ರೆ ಗೊತ್ತಾಗತ್ತೆ. ತುಂಬಾ ಹೊತ್ತು ತಲೆ ಓಡಿಸ್ಬೇಕಾದ ಕೆಲ್ಸ ಅಂದ್ರೆ ತಪ್ಪಿಸ್ಕೊಳ್ಳೋದು. ಪೆನ್ಸಿಲ್, ನೀರಿನ ಬಾಟ್ಲು, ಪುಸ್ತಕ, ಕನ್ನಡಕ ಕಳೆಯೋದು. ಹೊರಗಿನ ಸಣ್ಣ ಸದ್ದಿಗೂ ಗಮನ ಅತ್ಲಾಗೆ ಹೋಗೋದು. ದಿನಾ ಮಾಡೋ ಕೆಲ್ಸಾನೇ ಮರೆಯೋದು.

ಓದ್ತಾ ಓದ್ತಾ ನಮ್ಮನೆ ಮಗುನೂ ಹಿಂಗೇ ಅಲ್ವಾ ಅಂತ ಎಲ್ರಿಗೂ ಅನ್ಸತ್ತೆ, ಎಲ್ಲಾ ಮಕ್ಕಳೂ ಮರೀತಾರೆ, ಕಳೀತಾರೆ. ಅದಕ್ಕೇ ಲೆಕ್ಕ ಸ್ವಲ್ಪ ಬಿಗಿಯಾಗಿದೆ. ಈ ಒಂಬತ್ತರಲ್ಲಿ ಕನಿಷ್ಠ ಆರು ಇರ್ಬೇಕು, 17 ವರ್ಷ ಮೇಲ್ಪಟ್ಟವರಿಗಾದ್ರೆ ಐದು ಸಾಕು. ಕನಿಷ್ಠ 6 ತಿಂಗಳಿಂದ ಇರ್ಬೇಕು, ಮಗುವಿನ ವಯಸ್ಸಿಗೆ ಇರೋದಕ್ಕಿಂತ ಜಾಸ್ತಿನೇ ಇರ್ಬೇಕು, ಕೆಲವಾದ್ರೂ 12 ವರ್ಷ ತುಂಬೋ ಮುಂಚೆನೇ ಕಂಡಿರ್ಬೇಕು, ಒಂದೇ ಜಾಗ ಅಲ್ಲ ಎರಡು ಕಡೆ ಆದ್ರೂ ಕಾಣ್ಬೇಕು, ಅದ್ರಿಂದ ಮಗುವಿನ ಓದಿಗೋ ಸ್ನೇಹಕ್ಕೋ ದಿನದ ಬದುಕಿಗೋ ನಿಜವಾಗ್ಲೂ ಪೆಟ್ಟು ಬೀಳ್ತಿರ್ಬೇಕು, ಬೇರೆ ಯಾವ ಕಾರಣಕ್ಕೂ ಅದು ಸರಿಯಾಗಿ ಹೊಂದಬಾರದು. ಈ ಕೊನೇದಕ್ಕೆ ಆಮೇಲೆ ಬರ್ತೀನಿ, ತುಂಬಾ ಜನ ಹಾರಿಸಿಬಿಡೋದು ಅದನ್ನೇ.

"ಟಿವಿ ನೋಡ್ತಾ ಎರಡು ಗಂಟೆ ಅಲ್ಲಾಡಲ್ಲ, ಇದಕ್ಕೆ ಗಮನದ ತೊಂದ್ರೆ ಅಂತೀರಲ್ಲ" ಅನ್ನೋ ಮಾತು ನಿಮ್ಮನೇಲೂ ಬಂದೇ ಬರತ್ತೆ. ಗಮನ ಇಲ್ಲ ಅಂತಲ್ಲ, ಬೇಕಾದ ಕಡೆಗೆ ಬೇಕಾದ ಹೊತ್ತಿಗೆ ಅದನ್ನ ತಿರುಗಿಸಿ ಅಲ್ಲೇ ನಿಲ್ಲಿಸೋ ಹಿಡಿತ ಕಮ್ಮಿ. ಆಟ, ವಿಡಿಯೋ ಇವೆಲ್ಲ ಕ್ಷಣಕ್ಕೊಂದ್ ಸಲ ಏನೋ ಹೊಸದು ಕೊಟ್ಟು ತಾವೇ ಹಿಡಿದು ಕೂರಿಸ್ಕೊಳ್ತವೆ, ಗುಣಾಕಾರದ ಪುಟ ಆ ಕೆಲ್ಸ ಮಾಡಲ್ಲ. ಹಂಗಾಗಿ ಟಿವಿ ಮುಂದೆ ಕೂರೋದು ಎಡಿಎಚ್‌ಡಿ ಇಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅವರಲ್ಲಿ ಈ ಗಮನದ ಥರಾನೇ ಜಾಸ್ತಿ ಕಾಣೋದು, ಗೊತ್ತಾಗೋದೂ ತಡ ಆಗತ್ತೆ. ನಾಚಿಕೆ ಸ್ವಭಾವ, ಕನಸು ಕಾಣ್ತಾಳೆ, ನಿಧಾನ ಅಂತ ಹೇಳಿ ಬಿಟ್ಟುಬಿಡ್ತಾರೆ, ಆಮೇಲೆ ದೊಡ್ಡ ಕ್ಲಾಸಿಗೆ ಬಂದು ಪಾಠ ಜಾಸ್ತಿ ಆಗಿ ತಾನೇ ಎಲ್ಲಾ ಜೋಡಿಸ್ಕೋಬೇಕಾದಾಗ ಒಂದೇ ಸಲ ಕುಸಿದುಹೋಗ್ತಾರೆ.

ನೋಟ್‌ಬುಕ್ ಒಂದು ಇಡಿ

ಇದೇ ನಂಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ಎರಡು ಮೂರು ವಾರ, ದಿನಾ ಬರೀಬೇಕು ಅಂತಿಲ್ಲ, ಏನಾದ್ರೂ ನಡೆದ ದಿನ ಅವತ್ತೇ ಬರೆದಿಡಿ. ಬರೆಯೋವಾಗ ತೀರ್ಮಾನ ಬರೀಬೇಡಿ, ನಡೆದಿದ್ದನ್ನ ಬರೀರಿ. ನನ್ನ ಮೊದಲನೇ ಪುಟದಲ್ಲಿ "ಏಕಾಗ್ರತೆನೇ ಇಲ್ಲ, ಎಷ್ಟು ಹೇಳಿದ್ರೂ ಅಷ್ಟೇ" ಅಂತ ಇತ್ತು, ಅದ್ರಿಂದ ಡಾಕ್ಟರ್‌ಗೆ ಏನೂ ಗೊತ್ತಾಗಲ್ಲ. ಆಮೇಲಿನ ಪುಟದಲ್ಲಿ ಹಿಂಗಿತ್ತು: "ಮಂಗಳವಾರ ಸಂಜೆ. 10 ಲೆಕ್ಕ. ಹಿಡಿದಿದ್ದು 1 ಗಂಟೆ 20 ನಿಮಿಷ. 6 ಸಲ ಹತ್ರ ಹೋಗಿ ನೆನಪಿಸ್ದೆ. ಲೆಕ್ಕ ಬರತ್ತೆ, ಬಾಯಲ್ಲಿ ಕೇಳಿದ್ರೆ ಹೇಳ್ತಾಳೆ. 3 ಕಡೆ ಚಿಹ್ನೆ ತಪ್ಪು ನೋಡಿದಾಳೆ. ಪಕ್ಕದಲ್ಲಿ ಕೂತ್ಕೊಂಡಾಗ ಕೊನೆ 4 ಲೆಕ್ಕ 10 ನಿಮಿಷಕ್ಕೆ ಮುಗಿಸಿದ್ಲು." ಈ ಆರೇಳು ಸಾಲಲ್ಲಿ ಎಷ್ಟು ವಿಷ್ಯ ಇದೆ ನೋಡಿ, ಲೆಕ್ಕ ಬರದೇ ಇರೋದಲ್ಲ ಸಮಸ್ಯೆ ಅಂತಾನೂ ಗೊತ್ತಾಗತ್ತೆ, ಯಾರಾದ್ರೂ ಜೊತೆಗಿದ್ರೆ ಆಗತ್ತೆ ಅಂತಾನೂ ಗೊತ್ತಾಗತ್ತೆ.

ಬೆಳಿಗ್ಗೆ ರೆಡಿ ಆಗೋ ಹೊತ್ತನ್ನ ತಪ್ಪದೇ ಗಮನಿಸಿ. ಹಲ್ಲುಜ್ಜಿ, ಯೂನಿಫಾರ್ಮ್ ಹಾಕ್ಕೊಂಡು, ಬ್ಯಾಗ್ ತಗೊಂಡು ಬಾ ಅಂತ ಮೂರು ಕೆಲ್ಸ ಒಟ್ಟಿಗೆ ಹೇಳಿದ್ರೆ ಎಷ್ಟು ಆಗತ್ತೆ, ಒಂದೊಂದೇ ಹೇಳಿದ್ರೆ ಎಷ್ಟು ಆಗತ್ತೆ. ಊಟದ ಹೊತ್ತು, ಆಟದ ಹೊತ್ತು, ನೆಂಟರು ಬಂದಾಗ, ರಜಾ ದಿನ, ಇವೆಲ್ಲದ್ರಲ್ಲೂ ಹೆಂಗಿರತ್ತೆ ಅಂತ ನೋಡಿ, ಬರೀ ಹೋಮ್‌ವರ್ಕ್ ಬಗ್ಗೆ ಬರೆದ್ರೆ ಓದಿನ ತೊಂದ್ರೆ ಅಂತ ಅನ್ಸಬಹುದು. ಚೆನ್ನಾಗಿ ನಡೆದ ದಿನಾನೂ ಬರೀರಿ, ಯಾವುದ್ರಲ್ಲಿ ಮಗು ಮುಳುಗಿ ಖುಷಿಯಾಗಿರತ್ತೆ ಅನ್ನೋದೂ ಬೇಕು. ನಿಮ್ಮ ಸಿಟ್ಟು ಬಂದ ದಿನಾನೂ ಬರೀರಿ, ನೀವು ಬೈದ್ಮೇಲೆ ಏನಾಯ್ತು ಅನ್ನೋದು ಡಾಕ್ಟರ್‌ಗೆ ಮುಖ್ಯಾನೇ, ಯಾರೂ ನಿಮ್ಮನ್ನ ತೂಗಲ್ಲ.

ಇದ್ರ ಜೊತೆಗೆ ಹಳೇ ರಿಪೋರ್ಟ್ ಕಾರ್ಡ್ ಎಲ್ಲಾ ಹುಡುಕಿ ತೆಗೀರಿ, ಮಾರ್ಕ್ಸ್ ಅಲ್ಲ ಬೇಕಾಗಿರೋದು, ಕೆಳಗೆ ಟೀಚರ್ ಬರೆದಿರೋ ಸಾಲು. ನಮ್ಮ ಮನೇಲಿ ಯುಕೆಜಿಯಿಂದ ಒಂದೊಂದೇ ತೆಗೆದು ನೋಡಿದ್ರೆ ಬೇರೆ ಬೇರೆ ಟೀಚರ್‌ಗಳು ಬೇರೆ ಬೇರೆ ಅಕ್ಷರದಲ್ಲಿ ಅದೇ ಮಾತು ಬರೆದಿದ್ರು. 12 ವರ್ಷಕ್ಕಿಂತ ಮುಂಚೆನೇ ಇತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ದಾಖಲೆ ಸಿಗಲ್ಲ. ಅರ್ಧ ಬರೆದಿರೋ ನೋಟ್ಸು, ಉತ್ತರ ಗೊತ್ತಿದ್ದೂ ಬಿಟ್ಟಿರೋ ಪ್ರಶ್ನೆ ಇರೋ ಟೆಸ್ಟ್ ಪೇಪರು, ಎರಡು ಮೂರು ಇಟ್ಕೊಳ್ಳಿ, ರಾಶಿ ಬೇಡ.

ಮನೆಯವರ ಕಡೆದೂ ಬೇಕಾಗತ್ತೆ. ನಾನು ಮೊದ್ಲು ವಿಷ್ಯ ತೆಗೆದಾಗ ನಮ್ಮನೆಯವರು ಹೇಳಿದ್ದು, "ನಾನೂ ಚಿಕ್ಕೋನಿದ್ದಾಗ ಹಿಂಗೇ ಇದ್ದೆ, ಸರಿ ಹೋಗ್ಲಿಲ್ವಾ". ಆಗ ನಂಗೆ ಬೇಜಾರಾಯ್ತು, ಆದ್ರೆ ಡಾಕ್ಟರ್ ಮುಂದೆ ಅದೇ ಮಾತು ತುಂಬಾ ಉಪಯೋಗಕ್ಕೆ ಬಂತು, ಯಾಕಂದ್ರೆ ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರತ್ತೆ, ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಲೆಕ್ಕದಲ್ಲಿ ಅದ್ರ ಶೇಕಡಾ 70ರಿಂದ 80ರಷ್ಟು ವಂಶವಾಹಿ ಪ್ರಭಾವ. ಅಪ್ಪ, ಅಮ್ಮ, ಅತ್ತೆ, ಮಾವ, ಚಿಕ್ಕಪ್ಪ ಯಾರಿಗಾದ್ರೂ ಈ ಥರ ಇತ್ತಾ ಅಂತ ಕೇಳಿ ಬರೆದಿಡಿ. ಹುಟ್ಟಿದ ತಿಂಗಳು ತುಂಬಿತ್ತಾ, ತೂಕ ಎಷ್ಟಿತ್ತು, ಮಾತು ನಡಿಗೆ ಯಾವಾಗ ಬಂತು, ತಲೆಗೆ ಪೆಟ್ಟು ಬಿದ್ದಿದ್ಯಾ, ಯಾವ್ಯಾವ ಔಷಧಿ ತಗೊಳ್ತಿದೆ, ಇದೂ ಒಂದು ಪುಟ.

ಟೀಚರ್ ಹತ್ರ ಹೆಂಗೆ ಕೇಳೋದು

"ನನ್ನ ಮಗುಗೆ ಎಡಿಎಚ್‌ಡಿ ಇದೆ ಅನ್ಸತ್ತಾ ಮಿಸ್" ಅಂತ ಮಾತ್ರ ಕೇಳ್ಬೇಡಿ. ಹೌದು ಅನ್ನಕ್ಕೆ ಅವರಿಗೆ ಅಧಿಕಾರ ಇಲ್ಲ, ಇಲ್ಲ ಅಂದ್ಬಿಟ್ರೆ ನಿಮ್ಮ ಬಾಗಿಲು ಮುಚ್ಚಿತು. ಕಣ್ಣಿಗೆ ಕಾಣೋದನ್ನ ಕೇಳಿ. ನಾನು ಕಳಿಸಿದ ಮೆಸೇಜ್ ಹೆಚ್ಚು ಕಮ್ಮಿ ಹಿಂಗಿತ್ತು:

"ನಮಸ್ತೆ ಮಿಸ್, ಮನೇಲಿ ಇವಳಿಗೆ ಹೋಮ್‌ವರ್ಕ್ ಮುಗಿಸೋದು ತುಂಬಾ ಕಷ್ಟ ಆಗ್ತಿದೆ, ಡಾಕ್ಟರ್ ಹತ್ರ ತೋರಿಸ್ಬೇಕು ಅಂತಿದೀವಿ. ನಿಮ್ಮ ಸಹಾಯ ಬೇಕಿತ್ತು. ಬೋರ್ಡಿಂದ ಬರ್ಕೊಳ್ಳೋದು ಬೇರೆ ಮಕ್ಕಳ ಜೊತೆಗೇ ಮುಗಿಯತ್ತಾ? ಎಲ್ರಿಗೂ ಒಟ್ಟಿಗೆ ಹೇಳಿದ್ದನ್ನ ಮಾಡ್ತಾಳಾ, ಅಥವಾ ಇವಳಿಗೆ ಬೇರೆ ಹೇಳ್ಬೇಕಾ? ಹೆಸರು ಕರೆದಾಗ ಎಲ್ಲಿದೀವಿ ಅಂತ ಗೊತ್ತಿರತ್ತಾ? ದಿನದಲ್ಲಿ ಯಾವ ಪೀರಿಯಡ್‌ನಲ್ಲಿ ಜಾಸ್ತಿ ಕಷ್ಟ? ಸ್ನೇಹಿತರ ಜೊತೆ ಹೆಂಗಿದಾಳೆ? ನಿಮ್ಗೆ ಟೈಮ್ ಸಿಕ್ಕಾಗ ನಾಲ್ಕು ಸಾಲು ಬರೆದು ಕೊಟ್ರೆ ತುಂಬಾ ಉಪಕಾರ ಆಗತ್ತೆ."

ಟೀಚರ್ "ನಂಗೇನೂ ತೊಂದ್ರೆ ಕಾಣ್ತಿಲ್ಲ" ಅಂದ್ರೆ ಅಲ್ಲಿಗೆ ನಿಲ್ಲಿಸ್ಬೇಡಿ, ಅವರ ಮೇಲೆ ಸಿಟ್ಟೂ ಮಾಡ್ಕೋಬೇಡಿ. ತುಂಬಿದ ಕ್ಲಾಸಲ್ಲಿ ಸದ್ದು ಮಾಡೋ ಮಕ್ಕಳ ಕಡೆಗೇ ಕಣ್ಣು ಹೋಗತ್ತೆ, ಸುಮ್ನೆ ಬೋರ್ಡ್ ನೋಡ್ತಿರೋ ಮಗು ಕೇಳಿಸ್ಕೊಳ್ತಿದೆಯೋ ಇಲ್ವೋ ಅಂತ ಮುಖ ನೋಡಿ ಹೇಳಕ್ಕಾಗಲ್ಲ. ಕೆಲವು ಮಕ್ಕಳು ಪಕ್ಕದವರ ಪುಸ್ತಕ ನೋಡ್ಕೊಂಡು, ಎಲ್ರೂ ಎದ್ದಾಗ ತಾವೂ ಎದ್ದು, ಹಂಗೇ ದಿನ ಸಾಗಿಸ್ಬಿಡ್ತಾರೆ. ಇನ್ನು ಕೆಲವರಿಗೆ ಮನೇಲಿ ಅಮ್ಮ ದಿನಾ ಎರಡು ಗಂಟೆ ಪಕ್ಕದಲ್ಲಿ ಕೂತು ಮಾಡಿಸ್ತಿರೋದ್ರಿಂದ ಮಾರ್ಕ್ಸ್ ಬಿದ್ದಿರಲ್ಲ, ಮಾರ್ಕ್ಸ್ ಚೆನ್ನಾಗಿದೆ ಅಂದ್ರೆ ತೊಂದ್ರೆ ಇಲ್ಲ ಅಂತಲ್ಲ, ಆ ಮಾರ್ಕ್ಸ್ ಹಿಂದೆ ಎಷ್ಟು ಜನರ ಎಷ್ಟು ಹೊತ್ತು ಹೋಗಿದೆ ಅನ್ನೋದನ್ನೂ ಡಾಕ್ಟರ್‌ಗೆ ಹೇಳಿ. ಕ್ಲಾಸ್ ಟೀಚರ್ ಬಿಟ್ಟು ಬೇರೆ ಸಬ್ಜೆಕ್ಟ್ ಟೀಚರ್‌ನ ಕೇಳಿ, ಹೋದ ವರ್ಷದವರನ್ನ ಕೇಳಿ. ಸಂಗೀತ ಕ್ಲಾಸು, ಆಟದ ಕೋಚು, ಆಗಾಗ ಮಗುನ ನೋಡ್ಕೊಳ್ಳೋ ಅಜ್ಜಿ ತಾತ, ಇವರು ಕಂಡಿದ್ದೂ ಲೆಕ್ಕಕ್ಕೆ ಬರತ್ತೆ.

ಯಾರ ಹತ್ರ ಹೋಗೋದು

ಶುರು ಮಾಡೋದು ಮಗುನ ಮುಂಚಿಂದ ನೋಡ್ತಿರೋ ಮಕ್ಕಳ ಡಾಕ್ಟರ್ ಹತ್ರಾನೇ. ಕೆಲವು ಮಕ್ಕಳ ಡಾಕ್ಟರ್‌ಗಳು ತಾವೇ ಪೂರ್ತಿ ಅಸೆಸ್‌ಮೆಂಟ್ ಮಾಡ್ತಾರೆ, ಕೆಲವರು ಮುಂದಕ್ಕೆ ಕಳಿಸ್ತಾರೆ. ಮಕ್ಕಳ ಮಾನಸಿಕ ವೈದ್ಯರು, ಬೆಳವಣಿಗೆ ಮತ್ತೆ ನಡವಳಿಕೆ ನೋಡೋ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್, ಕ್ಲಿನಿಕಲ್ ಸೈಕಾಲಜಿಸ್ಟ್, ಕೆಲವು ಕಡೆ ಮಕ್ಕಳ ನ್ಯೂರಾಲಜಿಸ್ಟ್, ಇವರು ಯಾರಾದ್ರೂ ಆಗಬಹುದು, ಡಿಗ್ರಿ ಹೆಸರಿಗಿಂತ ಮಕ್ಕಳ ಎಡಿಎಚ್‌ಡಿ ನೋಡಿ ಅನುಭವ ಇದ್ಯಾ ಅನ್ನೋದು ಮುಖ್ಯ. ಸೈಕಾಲಜಿಸ್ಟ್‌ಗಳು ಸಾಮಾನ್ಯವಾಗಿ ಮಾತ್ರೆ ಬರೆಯಲ್ಲ, ಮುಂದೆ ಔಷಧಿ ಬೇಕಾದ್ರೆ ಡಾಕ್ಟರ್ ಬೇಕೇ ಬೇಕು ಅಂತ ನೆನಪಿರ್ಲಿ.

ಬುಕ್ ಮಾಡೋ ಮುಂಚೆ ಫೋನಲ್ಲೇ ಕೇಳಿಬಿಡಿ, ಎಷ್ಟು ಸಲ ಬರ್ಬೇಕು, ಟೀಚರ್‌ಗೆ ಫಾರ್ಮ್ ಕೊಡ್ತೀರಾ, ಓದೋ ಬರೆಯೋ ತೊಂದ್ರೆ ಇದ್ಯಾ ಅಂತಾನೂ ನೋಡ್ತೀರಾ, ಕೊನೆಗೆ ಬರವಣಿಗೇಲಿ ರಿಪೋರ್ಟ್ ಸಿಗತ್ತಾ, ಒಟ್ಟು ಖರ್ಚು ಎಷ್ಟು. ಸ್ಕೂಲಿಂದ ಏನೂ ತರಿಸಲ್ಲ, ಅರ್ಧ ಗಂಟೇಲಿ ಹೇಳಿಬಿಡ್ತೀವಿ ಅಂದ್ರೆ ನಾನಾದ್ರೆ ಬೇರೆ ಕಡೆ ನೋಡ್ತೀನಿ. ನಾವು ಮೊದ್ಲು ಹೋದ ಒಂದು ಕಡೆ ಮಗಳ ಜೊತೆ ಐದು ನಿಮಿಷ ಮಾತಾಡಿ "ಇಷ್ಟು ಶಾಂತವಾಗಿದಾಳೆ, ಎಡಿಎಚ್‌ಡಿ ಹೆಂಗಾಗತ್ತೆ" ಅಂತ ಕಳಿಸಿಬಿಟ್ರು, ಅದನ್ನ ನಂಬಿ ನಾವು ಇನ್ನೊಂದು ವರ್ಷ ಕಳೆದ್ವಿ. ಹೊಸ ಜಾಗ, ಹೊಸ ಮುಖ, ಒಬ್ರೇ ಎದುರು ಕೂತು ಮಾತಾಡ್ಸೋದು, ಇಷ್ಟಿದ್ರೆ ಎಡಿಎಚ್‌ಡಿ ಇರೋ ಎಷ್ಟೋ ಮಕ್ಕಳು ಚೆನ್ನಾಗೇ ಗಮನ ಕೊಡ್ತಾರೆ. ಡಾಕ್ಟರ್ ರೂಮಲ್ಲಿ ಕಂಡಿದ್ದೇ ಮಗುವಿನ ಇಡೀ ದಿನ ಅಲ್ಲ. ಹಿಂಗೆ ಯಾರಾದ್ರೂ ಹೇಳಿದ್ರೆ ನೋಟ್‌ಬುಕ್ ಮುಂದಿಟ್ಟು, "ಗಮನದ ಥರದ್ದು ಇರಬಹುದಾ ಅಂತ ಪೂರ್ತಿ ನೋಡಿ ಹೇಳಿ ಡಾಕ್ಟ್ರೇ, ಟೀಚರ್ ಬರೆದಿದ್ದೂ ತಂದಿದೀನಿ" ಅಂತ ಮರ್ಯಾದೆಯಿಂದಾನೇ ಗಟ್ಟಿಯಾಗಿ ಕೇಳಿ.

ಎಡಿಎಚ್‌ಡಿ ಥರಾನೇ ಕಾಣೋ ಬೇರೆ ಕಾರಣಗಳು

ಅಪಾಯಿಂಟ್‌ಮೆಂಟ್ ಸಿಗಕ್ಕೆ ತಡ ಆಗತ್ತೆ ಅಂದ್ರೆ ಆ ಹೊತ್ತಲ್ಲಿ ಇವನ್ನ ಮಾಡಿ ಮುಗಿಸಿ. ಕಣ್ಣು ಮತ್ತೆ ಕಿವಿ ಎರಡೂ ಸರಿಯಾಗಿ ಪರೀಕ್ಷೆ ಮಾಡ್ಸಿ. ಮನೇಲಿ ಕರೆದ್ರೆ ಓ ಅಂತಾಳಲ್ಲ ಅಂತ ಕಿವಿ ಪರೀಕ್ಷೆ ಬಿಡ್ಬೇಡಿ, ನೆಗಡಿ ಆದ್ಮೇಲೆ ಕಿವಿ ತಮಟೆ ಹಿಂದೆ ನೀರು ತುಂಬ್ಕೊಂಡು ಕೆಲವು ವಾರ ಕೇಳೋದು ಕಮ್ಮಿ ಆಗೋದುಂಟು, ಅದು ಬಂದು ಹೋಗಿ ಮಾಡತ್ತೆ, ಮಗುಗೂ ಹೇಳಕ್ಕೆ ಗೊತ್ತಾಗಲ್ಲ.

ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಅಷ್ಟು ಆಗ್ತಿದ್ಯಾ ಅಂತ ಒಂದು ವಾರ ಬರೆದು ನೋಡಿ. ರಾತ್ರಿ ಗೊರಕೆ ಹೊಡಿಯತ್ತಾ, ಬಾಯಿ ತೆರೆದು ಮಲಗತ್ತಾ, ಮಧ್ಯೆ ಉಸಿರು ಕಟ್ಟಿದ ಥರ ಆಗತ್ತಾ ಅಂತ ನೋಡಿ, ಗಂಟಲಲ್ಲಿರೋ ಟಾನ್ಸಿಲ್, ಮೂಗಿನ ಹಿಂದೆ ಇರೋ ಅಡಿನಾಯ್ಡ್ ದಪ್ಪ ಆಗಿ ನಿದ್ದೆ ಕೆಡೋ ಮಕ್ಕಳು ಹಗಲೆಲ್ಲ ಮಂಕಾಗಿ ಇರ್ತಾರೆ. ಕಬ್ಬಿಣದ ಅಂಶ ಕಮ್ಮಿ ಇದ್ರೆ, ಥೈರಾಯ್ಡ್ ಏರುಪೇರಾದ್ರೆ ಕೂಡ ಹಿಂಗೇ, ಡಾಕ್ಟರ್ ರಕ್ತ ಪರೀಕ್ಷೆ ಬರೆದ್ರೆ ಅದು ಇದಕ್ಕೆ, ಎಡಿಎಚ್‌ಡಿ ಕಂಡುಹಿಡಿಯಕ್ಕಲ್ಲ.

ಇನ್ನೊಂದನ್ನ ಸ್ವಲ್ಪ ನಿಧಾನವಾಗಿ ಓದಿ. ಆಬ್ಸೆನ್ಸ್ ಸೀಶರ್ ಅಂತ ಒಂದು ಥರದ ಫಿಟ್ಸ್ ಇದೆ. ಕೈಕಾಲು ಅದುರಲ್ಲ, ಬೀಳಲ್ಲ, ಮಗು ಕೆಲವೇ ಸೆಕೆಂಡ್ ಹಂಗೇ ನೋಡ್ತಾ ನಿಂತುಬಿಡತ್ತೆ, ಸಾಮಾನ್ಯವಾಗಿ 20 ಸೆಕೆಂಡಿಗಿಂತ ಕಮ್ಮಿ, ಆಮೇಲೆ ಏನೂ ಆಗದ ಥರ ಮುಂದುವರಿಯತ್ತೆ. ದಿನಕ್ಕೆ ಹತ್ತಾರು ಸಲ ಆಗಬಹುದು. ಹಗಲುಗನಸು ಕಾಣ್ತಿರೋ ಮಗುನ ಭುಜ ಮುಟ್ಟಿ ಕರೆದ್ರೆ ತಕ್ಷಣ ವಾಪಸ್ ಬರತ್ತೆ, ಇದ್ರಲ್ಲಿ ಮುಟ್ಟಿದ್ರೂ ಬರಲ್ಲ, ಮಾತಾಡ್ತಾ ಮಾತಾಡ್ತಾ ಅರ್ಧ ವಾಕ್ಯಕ್ಕೇ ನಿಂತುಹೋಗತ್ತೆ, ರೆಪ್ಪೆ ಪಟಪಟ ಅನ್ನಬಹುದು, ಆ ಹೊತ್ತಲ್ಲಿ ಏನು ನಡೀತು ಅಂತ ಮಗುಗೆ ಗೊತ್ತೇ ಇರಲ್ಲ. ಇಂಥದ್ದು ಕಂಡ್ರೆ ಫೋನಲ್ಲಿ ವಿಡಿಯೋ ಮಾಡ್ಕೊಂಡು ಬೇಗ ಡಾಕ್ಟರ್‌ಗೆ ತೋರಿಸಿ, ಇದನ್ನ ಇಇಜಿಲಿ, ಅಂದ್ರೆ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆಲಿ, ಕಂಡುಹಿಡೀತಾರೆ, ಔಷಧಿನೂ ಬೇರೆ.

ಓದೋ ಬರೆಯೋ ತೊಂದ್ರೆ ಅಂದ್ರೆ ಡಿಸ್‌ಲೆಕ್ಸಿಯಾ ಥರದ್ದು ಎಡಿಎಚ್‌ಡಿ ಜೊತೆಗೇ ಎಷ್ಟೋ ಸಲ ಬರತ್ತೆ, ಎಷ್ಟೋ ಸಲ ಅದೊಂದೇ ಇದ್ದು ಎಡಿಎಚ್‌ಡಿ ಥರ ಕಾಣತ್ತೆ. ಪುಸ್ತಕ ತೆಗೆದಾಗ ಮಾತ್ರ ಗಮನ ಹಾರಿಹೋಗಿ, ಕಥೆ ಹೇಳಿದ್ರೆ ಪೂರ್ತಿ ಕೇಳಿ ಒಪ್ಪಿಸೋ ಮಗು ಆದ್ರೆ ಅದನ್ನ ಒತ್ತಿ ಹೇಳಿ. ಒಳಗೊಳಗೇ ಭಯ, ಆತಂಕ ಇರೋ ಮಗುನೂ ಪಾಠ ಕೇಳಲ್ಲ, ತಲೆ ತುಂಬಾ ಅದೇ ಓಡ್ತಿರತ್ತೆ. ಇಲ್ಲಿ ಕೇಳ್ಕೋಬೇಕಾದ ಪ್ರಶ್ನೆ ಒಂದೇ, ಯಾವಾಗಿಂದ? ಎಡಿಎಚ್‌ಡಿ ಚಿಕ್ಕಂದಿನಿಂದ ಜೊತೆಗೇ ಬಂದಿರತ್ತೆ. ಮುಂಚೆ ಚೆನ್ನಾಗಿದ್ದು ಮೂರು ತಿಂಗಳಿಂದ ಹಿಂಗಾಗಿದೆ ಅಂದ್ರೆ ಬೇರೆ ಏನೋ ನಡೆದಿದೆ, ಸ್ಕೂಲಲ್ಲಿ ಯಾರಾದ್ರೂ ಕಾಟ ಕೊಡ್ತಿದಾರಾ, ಮನೇಲಿ ಜಗಳ ಇದ್ಯಾ, ಮಗುಗೆ ಹತ್ತಿರದವರು ಯಾರಾದ್ರೂ ತೀರ್ಕೊಂಡ್ರಾ, ತಲೆಗೆ ಏಟು ಬಿತ್ತಾ ಅಂತ ನೋಡ್ಬೇಕು. ಮಗು ಬದುಕೋದೇ ಬೇಡ ಅನ್ನೋ ಥರದ ಮಾತಾಡಿದ್ರೆ ಅಸೆಸ್‌ಮೆಂಟ್ ದಿನಕ್ಕೆ ಕಾಯ್ಬೇಡಿ, ಅವತ್ತೇ ಕರ್ಕೊಂಡು ಹೋಗಿ.

ಆ ದಿನ

ಮಗುಗೆ ಮುಂಚಿತವಾಗಿ ನಿಜ ಹೇಳಿ. ಇಂಜೆಕ್ಷನ್ ಇಲ್ಲ, ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ. ನಾನು ಹೇಳಿದ್ದು, "ನಿಂಗೆ ಹೋಮ್‌ವರ್ಕ್ ಮಾಡಕ್ಕೆ ಎಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಕಾಣ್ತಿದೆ ಪುಟ್ಟಾ, ಯಾಕೆ ಅಂತ ಗೊತ್ತಿರೋರ ಹತ್ರ ಕೇಳೋಣ". ಚೆನ್ನಾಗಿ ನಿದ್ದೆ ಮಾಡಿಸಿ, ಹೊಟ್ಟೆ ತುಂಬ ತಿನ್ನಿಸಿ ಕರ್ಕೊಂಡು ಹೋಗಿ, ಕನ್ನಡಕ ಇದ್ರೆ ಮರೀಬೇಡಿ.

ಡಾಕ್ಟರ್ ನಿಮ್ಮ ಜೊತೆ ತುಂಬಾ ಹೊತ್ತು ಮಾತಾಡ್ತಾರೆ, ಮಗು ಜೊತೆ ಬೇರೆಯಾಗಿ ಮಾತಾಡ್ತಾರೆ, ಮೈ ಪರೀಕ್ಷೆ ಮಾಡ್ತಾರೆ. ಮಗುವಿನ ತೊಂದ್ರೆಗಳ ಪಟ್ಟಿನ ಮಗು ಮುಂದೆನೇ ಓದ್ಬೇಡಿ, ಸ್ವಲ್ಪ ಹೊತ್ತು ಒಬ್ಬಳೇ ಮಾತಾಡ್ಬೇಕು ಅಂತ ಕೇಳಿ, ಇದು ನಾನು ತಪ್ಪು ಮಾಡಿ ಕಲಿತಿದ್ದು, ಅವಳು ತಲೆ ಬಗ್ಗಿಸಿ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಂಗಿದೆ.

ಆಮೇಲೆ ಫಾರ್ಮ್‌ಗಳು. ವ್ಯಾಂಡರ್‌ಬಿಲ್ಟ್, ಕಾನರ್ಸ್, ಸ್ನ್ಯಾಪ್ ಅನ್ನೋ ಹೆಸರು ಕೇಳ್ತೀರಿ. ವ್ಯಾಂಡರ್‌ಬಿಲ್ಟ್ 6ರಿಂದ 12 ವರ್ಷದ ಮಕ್ಕಳಿಗೆ ಅಂತ ಮಾಡಿದ್ದು, ಅಪ್ಪ ಅಮ್ಮನ ಫಾರ್ಮಲ್ಲಿ 55 ಪ್ರಶ್ನೆ, ಟೀಚರ್ ಫಾರ್ಮಲ್ಲಿ 43. ಒಂದೊಂದಕ್ಕೂ ಯಾವತ್ತೂ ಇಲ್ಲ ಅನ್ನೋದಕ್ಕೆ 0, ತುಂಬಾ ಸಲ ಅನ್ನೋದಕ್ಕೆ 3. ಮೊದಲ 9 ಪ್ರಶ್ನೆ ಗಮನದ್ದೇ, ಅದ್ರಲ್ಲಿ 2 ಅಥವಾ 3 ಬಂದಿದ್ದು ಕನಿಷ್ಠ ಆರು ಇದ್ರೆ, ಜೊತೆಗೆ ಓದು ಅಥವಾ ಒಡನಾಟದಲ್ಲಿ ತೊಂದ್ರೆ ಕಂಡ್ರೆ, ಈ ಥರ ಇರಬಹುದು ಅಂತ ಮುಂದೆ ನೋಡ್ತಾರೆ. ಆತಂಕ, ಬೇಸರದ ಪ್ರಶ್ನೆಗಳೂ ಅದ್ರಲ್ಲೇ ಇರತ್ತೆ. ತುಂಬೋವಾಗ ನಿಮ್ಮ ಮಗುನ ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸಿ, ನೀವು ನೆನಪಿಸಿ ನೆನಪಿಸಿ ಮಾಡಿಸಿದ್ದನ್ನ ಮಗು ತಾನೇ ಮಾಡಿದ್ದು ಅಂತ ಹಾಕ್ಬೇಡಿ. ಅಪ್ಪ ಅಮ್ಮ ಬೇರೆ ಬೇರೆಯಾಗಿ ತುಂಬಿ, ಉತ್ತರ ಹೊಂದಲಿಲ್ಲ ಅಂದ್ರೆ ಜಗಳ ಬೇಡ, ಆ ವ್ಯತ್ಯಾಸನೂ ಡಾಕ್ಟರ್‌ಗೆ ಬೇಕು. ಫಾರ್ಮ್ ಒಂದ್ರಿಂದಾನೇ ತೀರ್ಮಾನ ಆಗಲ್ಲ, ನೆಟ್ಟಲ್ಲಿ ಸಿಗೋ ಟೆಸ್ಟಿಂದ ಅಂತೂ ಆಗೋದೇ ಇಲ್ಲ.

ಐಕ್ಯೂ ಟೆಸ್ಟ್, ಕಂಪ್ಯೂಟರ್ ಮುಂದೆ ಕೂರಿಸಿ ಗಮನ ಅಳೆಯೋ ಟೆಸ್ಟ್ ಕೆಲವರು ಮಾಡ್ತಾರೆ. ಮಗುವಿನ ಶಕ್ತಿ ಎಲ್ಲಿದೆ, ಓದಿನ ತೊಂದ್ರೆ ಬೇರೆ ಇದ್ಯಾ ಅಂತ ತಿಳಿಯಕ್ಕೆ ಐಕ್ಯೂ ಟೆಸ್ಟ್ ಉಪಯೋಗ, ಆದ್ರೆ ಎರಡರಲ್ಲಿ ಯಾವುದೂ ತಾನೊಂದೇ ಎಡಿಎಚ್‌ಡಿ ಹೌದು ಇಲ್ಲ ಅಂತ ಹೇಳಲ್ಲ. ಮೆದುಳಿನ ಸ್ಕ್ಯಾನ್ ಮಾಡಿ ತೋರಿಸ್ತೀವಿ ಅನ್ನೋರಿಗೆ ದುಡ್ಡು ಕೊಡ್ಬೇಡಿ. "ಮಾತ್ರೆ ಕೊಟ್ಟು ನೋಡೋಣ, ಸರಿ ಹೋದ್ರೆ ಎಡಿಎಚ್‌ಡಿ" ಅನ್ನೋದೂ ತಪ್ಪು ದಾರಿ, ಆ ಮಾತ್ರೆ ಎಡಿಎಚ್‌ಡಿ ಇಲ್ದೇ ಇರೋರಲ್ಲೂ ಗಮನ ಸ್ವಲ್ಪ ಹೆಚ್ಚಿಸಬಹುದು.

ರಿಸಲ್ಟ್ ಬಂದ್ಮೇಲೆ

ಹೌದು ಅಂದ್ರೂ ಇಲ್ಲ ಅಂದ್ರೂ ಬರವಣಿಗೇಲಿ ರಿಪೋರ್ಟ್ ತಗೊಳ್ಳಿ. ಯಾವ ಥರ, ಯಾವ ಆಧಾರದ ಮೇಲೆ, ಜೊತೆಗೆ ಬೇರೆ ಏನಾದ್ರೂ ಇದ್ಯಾ, ಸ್ಕೂಲಲ್ಲಿ ಏನು ಮಾಡ್ಬೇಕು, ಇಷ್ಟು ಅದ್ರಲ್ಲಿ ಇರ್ಬೇಕು. ಇಲ್ಲ ಅಂದ್ರೆ, "ಹಾಗಾದ್ರೆ ಇದೆಲ್ಲ ಯಾಕೆ ಆಗ್ತಿದೆ, ಮುಂದೆ ಯಾವುದನ್ನ ನೋಡ್ಬೇಕು" ಅಂತ ಕೇಳಿ, ಮಗುವಿನ ಕಷ್ಟ ರಿಪೋರ್ಟಿಂದ ಮಾಯ ಆಗಲ್ಲ. ಟೀಚರ್ ಮಾತೇ ಕೇಳದೆ ಇಲ್ಲ ಅಂದಿದ್ರೆ ಇನ್ನೊಬ್ಬರ ಹತ್ರ ಹೋಗೋದ್ರಲ್ಲಿ ತಪ್ಪಿಲ್ಲ.

ಹೌದು ಅಂದ ತಕ್ಷಣ ಮಾತ್ರೆ ಶುರು ಮಾಡ್ಲೇಬೇಕು ಅಂತಿಲ್ಲ, ಅದು ಬೇರೆ ತೀರ್ಮಾನ, ನಿಧಾನವಾಗಿ ಕೇಳಿ ತಿಳ್ಕೊಂಡು ಮಾಡಬಹುದು. 6 ವರ್ಷಕ್ಕಿಂತ ಚಿಕ್ಕವರಿಗೆ ಮೊದ್ಲು ಅಪ್ಪ ಅಮ್ಮನಿಗೇ ತರಬೇತಿ ಕೊಡೋದು, 6 ದಾಟಿದವರಿಗೆ ನಡವಳಿಕೆ ಮತ್ತೆ ಸ್ಕೂಲಿನ ಸಹಾಯದ ಜೊತೆ ಔಷಧಿ, ಇದು ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2019ರಲ್ಲಿ ಹೇಳಿರೋ ಕ್ರಮ. ನನ್ನ ಅಭಿಪ್ರಾಯ ಕೇಳಿದ್ರೆ ಔಷಧಿಗೆ ಹೆದರಿ ಅಸೆಸ್‌ಮೆಂಟೇ ಬೇಡ ಅನ್ನೋದು ಮಗುಗೆ ಮಾಡೋ ಅನ್ಯಾಯ.

ಮಗುಗೆ ಹೇಳ್ಬೇಕಾ ಅಂತ ಕೇಳ್ತಾರೆ. ಹೇಳಿ. ಹೆಸರು ಹೇಳದೇ ಇದ್ರೆ ಮಗು ತಾನೇ ಹೆಸರು ಇಟ್ಕೊಂಡಿರತ್ತೆ, ದಡ್ಡಿ, ಸೋಮಾರಿ ಅಂತ.

ನೋಟ್‌ಬುಕ್ ಎಸೀಬೇಡಿ, ಫಾಲೋಅಪ್‌ಗೆ ಹೋದಾಗ ಮುಂಚೆ 10 ಲೆಕ್ಕಕ್ಕೆ ಎಷ್ಟು ಹೊತ್ತು ಈಗ ಎಷ್ಟು ಹೊತ್ತು ಅಂತ ಹೇಳಕ್ಕೆ ಅದೇ ಬೇಕಾಗತ್ತೆ. ರಿಪೋರ್ಟಿನ ನಾಲ್ಕು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ, ಪ್ರತಿ ವರ್ಷ ಟೀಚರ್ ಬದಲಾಗ್ತಾರೆ, ಹೊಸ ಕ್ಲಾಸಿನ ಮೊದಲನೇ ವಾರದಲ್ಲೇ ಹೋಗಿ ಒಂದು ಕಾಪಿ ಕೊಡಿ, ಅದ್ರ ಮೇಲೆ ನಿಮ್ಮ ಕೈಯಲ್ಲೇ ಮೂರು ಸಾಲು ಬರೆದು ಅಂಟಿಸಿ: ಮುಂದಿನ ಬೆಂಚಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಕೆಲ್ಸ ಹೇಳಿ, ಕಳೆದುಹೋದಾಗ ಹೆಸರು ಕೂಗ್ಬೇಡಿ, ಹತ್ರ ಬಂದು ಮೆಲ್ಲಗೆ ಡೆಸ್ಕ್ ತಟ್ಟಿ.